ಸಾಫ್ಟ್‌ವೇರ್ ತಂಡಗಳ ರಾತ್ರಿ ಕೆಲಸ ಎಲ್ಲಿ ಹುಟ್ಟುತ್ತದೆ?

ಐಟಿ ಕೆಲಸದ ಬಗ್ಗೆ ಈಚಿನ ಎರಡು ಮೂರು ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದು, ವಿರೋಧದ ಬಿಸಿಗೆ ಹಿಂದೆ ಸರಿಯಿತು. 2025ರ ಜೂನ್‌ನಲ್ಲಿ ಅದು ಸ್ವಲ್ಪ ಬೇರೆ ರೂಪದಲ್ಲಿ ಮತ್ತೆ ಚರ್ಚೆಗೆ ಬಂತು. ಮರು ತಿಂಗಳೇ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು.

ಇದ್ದವರಿಂದ ಹೆಚ್ಚು ಗಂಟೆ ದುಡಿಸಿಕೊಳ್ಳಬೇಕು ಎನ್ನುವ ಉದ್ಯಮವೇ ಜನ ಜಾಸ್ತಿಯಾದರು ಎಂದೂ ಹೇಳುತ್ತಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಮಕ್ಕಳನ್ನು ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಿದ ಮನೆಗಳಲ್ಲಿ ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಕಾಯ್ದೆ ಒಂಬತ್ತು ಗಂಟೆ ಎನ್ನುತ್ತದೆ, ಮಗಳು ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಂದೆ ಇರುತ್ತಾಳೆ. ಹಾಗಿದ್ದರೆ ಆ ಗಂಟೆಗಳನ್ನು ತೀರ್ಮಾನಿಸುತ್ತಿರುವವರು ಯಾರು?

ಕಾಯ್ದೆಯಲ್ಲಿ ಏನಿದೆ

ಕರ್ನಾಟಕದಲ್ಲಿ ಐಟಿ ಕಂಪನಿಗಳ ಕೆಲಸದ ಅವಧಿಗೆ ಆಧಾರ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಹೆಚ್ಚುವರಿ ದುಡಿಮೆ ಸೇರಿಸಿದರೂ ದಿನಕ್ಕೆ 10 ಗಂಟೆ ದಾಟುವಂತಿಲ್ಲ, ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಮ್ 50 ಗಂಟೆ ಮೀರುವಂತಿಲ್ಲ, ಅದಕ್ಕೆ ದುಪ್ಪಟ್ಟು ಕೂಲಿ ಕೊಡಬೇಕು. 2025ರ ಪ್ರಸ್ತಾವದಲ್ಲಿ 9 ಗಂಟೆ 10 ಆಗುತ್ತಿತ್ತು, ಓವರ್‌ಟೈಮ್ ಸೇರಿದ ದಿನದ ಮಿತಿ 12 ಆಗುತ್ತಿತ್ತು, ಮೂರು ತಿಂಗಳ ಮಿತಿ 50ರಿಂದ 144ಕ್ಕೆ ಏರುತ್ತಿತ್ತು. ಪತ್ರಿಕೆಗಳ ತಲೆಬರಹಕ್ಕೆ ಸಿಕ್ಕಿದ್ದು 12 ಎಂಬ ಅಂಕಿ. ನಿಜವಾಗಿ ಭಾರವಾದದ್ದು 144. ಹದಿಮೂರು ವಾರಕ್ಕೆ ಹಂಚಿದರೆ ವಾರಕ್ಕೆ 11 ಗಂಟೆ. 48ಕ್ಕೆ ಸೇರಿಸಿ, 59 ಆಗುತ್ತದೆ. ಅಪರೂಪಕ್ಕೆ ಬರಬೇಕಾದ ಓವರ್‌ಟೈಮ್ ಪ್ರತಿ ವಾರದ ದಿನಚರಿ ಆಗುವುದಕ್ಕೆ ಅಷ್ಟು ಸಾಕು.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಎಲ್ಲ ನೌಕರರಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂಬುದು ಅದರಲ್ಲಿನ ಒಳ್ಳೆಯ ಅಂಶ. ಆದರೆ ಕೆಲಸದ ಅವಧಿಯ ರಕ್ಷಣೆ ಸಿಗುವುದು ಸಂಹಿತೆಯ ವ್ಯಾಖ್ಯೆಯಲ್ಲಿ ‘ಕಾರ್ಮಿಕ’ ಎನಿಸಿಕೊಂಡವರಿಗೆ. ಆಡಳಿತ ನಡೆಸುವವರು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಆ ವ್ಯಾಖ್ಯೆಯಿಂದ ಹೊರಗೆ. ನಾಲ್ಕು ಜನರ ತಂಡ ನಡೆಸುವ ಒಬ್ಬರಿಗೆ ಟೀಮ್ ಲೀಡ್ ಎಂದು ಹೆಸರು ಕೊಟ್ಟ ತಕ್ಷಣ, ಆ ವ್ಯಕ್ತಿ ಇನ್ನೂ ನೌಕರನೋ ಅಥವಾ ಮ್ಯಾನೇಜ್‌ಮೆಂಟ್‌ನ ಭಾಗವೋ ಎಂಬ ತಕರಾರು ಶುರುವಾಗುತ್ತದೆ.

ಎರಡೂ ಕಡೆಯ ವಾದ

ಉದ್ಯಮದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕ್ಲೈಂಟ್ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇಟ್ಟರೆ ನಮ್ಮಲ್ಲಿ ಬೇಸಿಗೆಯಾದರೆ ಸಂಜೆ ಏಳೂವರೆ, ಚಳಿಗಾಲವಾದರೆ ಎಂಟೂವರೆ. ಒಂದು ದಿನ ಹನ್ನೊಂದು ಗಂಟೆ ದುಡಿದು ಮರುದಿನ ಆರು ಗಂಟೆಗೆ ಮುಗಿಸುವ ಸ್ವಾತಂತ್ರ್ಯ ಬೇಕು ಎಂಬುದು ಅವರ ಮಾತು. ನೌಕರರ ಸಂಘ, ಮುಖ್ಯವಾಗಿ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘ, ಹೇಳುವುದು ಬೇರೆ. ಗಂಟೆ ಹೆಚ್ಚಿದರೆ ಮೂರು ಪಾಳಿ ಇದ್ದಲ್ಲಿ ಎರಡು ಪಾಳಿ ಸಾಕಾಗುತ್ತದೆ, ಮೂರನೆಯ ಪಾಳಿಯವರು ಕೆಲಸ ಕಳೆದುಕೊಳ್ಳುತ್ತಾರೆ, ಉಳಿದವರು ಆರೋಗ್ಯ ಕಳೆದುಕೊಳ್ಳುತ್ತಾರೆ.

ಸಂಘದ ಆತಂಕ ಸರಿ ಎಂದೇ ನನ್ನ ಅಭಿಪ್ರಾಯ. ಮರುದಿನ ಆರು ಗಂಟೆಗೆ ಮುಗಿಸುವ ಹಕ್ಕನ್ನು ಬರೆದಿಡದ ತಿದ್ದುಪಡಿಯನ್ನು ಸ್ವಾತಂತ್ರ್ಯ ಎಂದು ಕರೆಯಲಾಗುವುದಿಲ್ಲ. ಆದರೂ ಎರಡೂ ಕಡೆಯವರು ಒಂದು ವಿಷಯವನ್ನು ಊಹೆಯ ಮೇಲೆ ಬಿಟ್ಟಿದ್ದಾರೆ. ಕೆಲಸ ಇಷ್ಟಿದೆ, ಅದಕ್ಕೆ ಇಷ್ಟು ಗಂಟೆ ಬೇಕು, ಅದನ್ನು ಯಾರು ಕೊಡಬೇಕು ಎಂಬುದೇ ಅವರ ಜಗಳ. ಸಾಫ್ಟ್‌ವೇರ್‌ನಲ್ಲಿ ಕೆಲಸದ ಪ್ರಮಾಣ ಮೊದಲೇ ಗೊತ್ತಿರುವುದಿಲ್ಲ. ರಾತ್ರಿ ಕೂತು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಹಗಲಿನಲ್ಲಿ ಆಡದೆ ಉಳಿದ ಮಾತಿನಿಂದ ಹುಟ್ಟಿದ್ದು.

25 ಕೆಜಿ ಚೀಲ

ಇದನ್ನು ನಮ್ಮ ಕಡೆಯ ಒಂದು ಕೆಲಸದಲ್ಲೇ ಇಟ್ಟು ನೋಡೋಣ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಂತು. ಆದರೆ ಅದು 25 ಕೆಜಿವರೆಗಿನ ಚೀಲಕ್ಕೆ ಮಾತ್ರ. ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ರೈಸ್ ಮಿಲ್‌ಗಳು 26 ಕೆಜಿ ಚೀಲ ತುಂಬತೊಡಗಿದವು. ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್‌ಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೂ ಇಂಥ ಬದಲಾವಣೆ ಆಗಲೇಬೇಕಾಯಿತು.

ಐದು ಜನರ ಒಂದು ತಂಡಕ್ಕೆ ಈ ಕೆಲಸ ಬಂತು ಎಂದಿಟ್ಟುಕೊಳ್ಳಿ. ಹೊಸದಾಗಿ ಸೇರಿದ ಹುಡುಗಿಗೆ ಸಿಕ್ಕ, ಮಾಡಬೇಕಾದ ಕೆಲಸ ಬರೆದ ಟಿಕೆಟ್‌ನಲ್ಲಿ ‘25 ಕೆಜಿಗಿಂತ ಕಡಿಮೆ ಇದ್ದರೆ ಶೇ 5’ ಎಂದಿದೆ. ಕೋಡ್ ಬರೆಯುವಾಗ ಅವಳಿಗೆ ಸಂಶಯ ಬರುತ್ತದೆ. ಸರಿಯಾಗಿ 25 ಕೆಜಿ ಇರುವ ಚೀಲಕ್ಕೆ ಏನು ಮಾಡಬೇಕು? ಬುಧವಾರ ಬೆಳಗಿನ ಚಿಕ್ಕ ಸಭೆ, ಅಂದರೆ ಸ್ಟ್ಯಾಂಡ್-ಅಪ್‌ನಲ್ಲಿ ಕೇಳುತ್ತಾಳೆ. ಇಲ್ಲಿಂದ ದಾರಿ ಎರಡಾಗುತ್ತದೆ.

ಒಂದು ತಂಡದಲ್ಲಿ ಲೀಡ್ ಹೇಳುತ್ತಾರೆ: “ಟಿಕೆಟ್‌ನಾಗ ಏನೈತೋ ಅಷ್ಟು ಮಾಡಮ್ಮಾ. ಶುಕ್ರವಾರ ರಿಲೀಸ್ ಐತಿ.” ಎಲ್ಲರೂ ಕೇಳಿಸಿಕೊಂಡಿರುತ್ತಾರೆ. ಅವಳು ಆ ಪ್ರಶ್ನೆಯನ್ನು ಮತ್ತೆ ಎತ್ತುವುದಿಲ್ಲ, ಪಕ್ಕದಲ್ಲಿ ಕೂತವನೂ ತನಗಿದ್ದ ಬೇರೆ ಪ್ರಶ್ನೆಯನ್ನು ನುಂಗಿಕೊಳ್ಳುತ್ತಾನೆ. ಇನ್ನೊಂದು ತಂಡದಲ್ಲಿ ಲೀಡ್ ಹೇಳುತ್ತಾರೆ: “ನನಗೂ ಗೊತ್ತಿಲ್ಲ. ಮಿಲ್ಲಿನ ಅಕೌಂಟೆಂಟ್‌ಗೆ ಈಗಲೇ ಫೋನ್ ಹಚ್ರಿ.” ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ: 25 ಕೆಜಿ ಚೀಲಕ್ಕೂ ತೆರಿಗೆ ಇದೆ. ಕೋಡ್‌ನಲ್ಲಿ ‘ಕಡಿಮೆ’ ಇದ್ದದ್ದು ‘ಕಡಿಮೆ ಅಥವಾ ಸಮ’ ಎಂದಾಗುತ್ತದೆ. ಒಂದೇ ಒಂದು ಚಿಹ್ನೆಯ ಬದಲಾವಣೆ.

ಮೊದಲನೆಯ ತಂಡದ ಸಾಫ್ಟ್‌ವೇರ್ ಶುಕ್ರವಾರ ಸಮಯಕ್ಕೆ ಸರಿಯಾಗಿ ಹೋಗುತ್ತದೆ, ಮೆಚ್ಚುಗೆಯ ಮೇಲ್ ಕೂಡ ಬರುತ್ತದೆ. ಮಿಲ್ 1,250 ರೂಪಾಯಿಯ 25 ಕೆಜಿ ಚೀಲಗಳನ್ನು ದಿನಕ್ಕೆ 400 ಮಾರಿದರೆ, ಹಾಕದೇ ಬಿಟ್ಟ ತೆರಿಗೆ ದಿನಕ್ಕೆ 25,000 ರೂಪಾಯಿ. ತಿಂಗಳು ಮುಗಿದು, ರಿಟರ್ನ್ ಸಲ್ಲಿಸುವ 20ನೇ ತಾರೀಖಿಗೆ ಎರಡು ದಿನ ಇರುವಾಗ ಅಕೌಂಟೆಂಟ್ ಕಣ್ಣಿಗೆ ಬೀಳುತ್ತದೆ. ಅಕ್ಕಿ ಆಗಲೇ ಮಾರಾಟವಾಗಿದೆ, ಕೊಂಡವರಿಂದ ತೆರಿಗೆ ವಸೂಲಿ ಸುಲಭವಲ್ಲ, ತಡವಾದರೆ ವರ್ಷಕ್ಕೆ ಶೇ 18ರ ಬಡ್ಡಿ. ಆಗ ಇಡೀ ತಂಡ ಎರಡು ರಾತ್ರಿ ಕೂತು ಸಾವಿರಾರು ಬಿಲ್‌ಗಳನ್ನು ಮತ್ತೆ ಲೆಕ್ಕ ಹಾಕುತ್ತದೆ.

ಆ ಎರಡು ರಾತ್ರಿಗಳು ಹುಟ್ಟಿದ್ದು ಬುಧವಾರ ಬೆಳಿಗ್ಗೆ. ಗಂಟೆಯ ಮಿತಿಯನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದರೆ ಆ ರಾತ್ರಿ ಕೆಲಸ ಕಾನೂನುಬದ್ಧ ಆಗುತ್ತದೆ, ಬುಧವಾರದ ಮಾತು ಮಾತ್ರ ಹಾಗೆಯೇ ಉಳಿಯುತ್ತದೆ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಆ ರಾತ್ರಿಗಳ ಗಂಟೆ ಸಾಮಾನ್ಯವಾಗಿ ದುಡಿದ ಅವಧಿ ಬರೆದಿಡುವ ಟೈಮ್‌ಶೀಟ್‌ಗೆ ಹೋಗುವುದಿಲ್ಲ. ಸ್ವಂತ ತಪ್ಪು ಸರಿಪಡಿಸಿದ್ದಕ್ಕೆ ಕ್ಲೈಂಟ್‌ಗೆ ಬಿಲ್ ಹಾಕಲಾಗದು, ಬರೆದರೆ ಲೀಡ್‌ಗೆ ಮೇಲಿನವರಿಂದ ಪ್ರಶ್ನೆ. ಹಾಗಾಗಿ ಕಾಗದದಲ್ಲಿ ದಿನಕ್ಕೆ ಒಂಬತ್ತು ಗಂಟೆಯೇ ಇರುತ್ತದೆ. ಮುಂದಿನ ಸಲ ಇಂಥದೇ ಕೆಲಸಕ್ಕೆ ಎಸ್ಟಿಮೇಟ್ ಹಾಕುವಾಗ ಆ ಕಾಗದವನ್ನೇ ನೋಡುತ್ತಾರೆ, ಅಷ್ಟೇ ದಿನ ಕೊಡುತ್ತಾರೆ. ಆ ದಿನಗಳಲ್ಲಿ ಮತ್ತೆ ಪ್ರಶ್ನೆಗೆ ಪುರುಸೊತ್ತಿರುವುದಿಲ್ಲ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದರೂ ನೋಡುವುದು ಅದೇ ಕಾಗದ. ಬರೆಯದೇ ಉಳಿದ ಗಂಟೆಗಳು ನೌಕರನನ್ನೂ ಮೋಸಗೊಳಿಸುತ್ತವೆ, ಕಂಪನಿಯನ್ನೂ, ಸರ್ಕಾರವನ್ನೂ.

ಹೆಚ್ಚು ತಪ್ಪು ವರದಿಯಾಗುವ ತಂಡ

ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಎಂದು ನಾವು ಸಹಜವಾಗಿ ನಂಬುತ್ತೇವೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರೂ ಹಾಗೆಯೇ ನಂಬಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದರು. ಔಷಧ ಕೊಡುವಲ್ಲಿ ಆಗುವ ತಪ್ಪುಗಳನ್ನು ಎಣಿಸಿದಾಗ ಲೆಕ್ಕ ತಿರುಗಾಮುರುಗಾ ಬಂತು. ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಕಾರಣ ಹುಡುಕಿದಾಗ ಗೊತ್ತಾದದ್ದು, ಆ ತಂಡಗಳವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದೇನಲ್ಲ. ಆದದ್ದನ್ನು ಅವರು ಮುಚ್ಚಿಡುತ್ತಿರಲಿಲ್ಲ. 1996ರಲ್ಲಿ ಪ್ರಕಟವಾದ ಈ ಅಧ್ಯಯನದ ಎಳೆ ಹಿಡಿದು, 1999ರಲ್ಲಿ ಅವರು ಮಾನಸಿಕ ಸುರಕ್ಷತೆ ಎಂಬ ವಿಚಾರವನ್ನು ಮುಂದಿಟ್ಟರು. ನನಗೆ ಗೊತ್ತಿಲ್ಲ, ನನ್ನಿಂದ ತಪ್ಪಾಯಿತು, ಇದು ಸರಿ ಕಾಣುತ್ತಿಲ್ಲ ಎಂಬ ಮೂರು ಮಾತುಗಳನ್ನು ಹೇಳಿದವರಿಗೆ ಅವಮಾನವಾಗುವುದಿಲ್ಲ ಎಂಬ ಭರವಸೆ ತಂಡದಲ್ಲಿ ಇರುವುದೇ ಅದು. 2012ರಲ್ಲಿ ಗೂಗಲ್ ತನ್ನ 180ಕ್ಕೂ ಹೆಚ್ಚು ತಂಡಗಳ ಅಧ್ಯಯನ ಆರಂಭಿಸಿತು. ತಂಡದಲ್ಲಿ ಎಷ್ಟು ಬುದ್ಧಿವಂತರಿದ್ದಾರೆ ಎಂಬುದಕ್ಕಿಂತ ಈ ಭರವಸೆಯೇ ಮುಖ್ಯ ಎಂದು ಅದೂ ಕಂಡುಕೊಂಡಿತು.

ಇದನ್ನು ಸಡಿಲ ಶಿಸ್ತು ಎಂದುಕೊಳ್ಳುವ ಮ್ಯಾನೇಜರ್‌ಗಳು ಬಹಳ. ಸಂಶಯ ಕೇಳಿದ ಹುಡುಗಿಗೆ ಉತ್ತರ ಕೊಡುವುದಕ್ಕೂ ಕೆಲಸ ಮಾಡದವರನ್ನು ಬಿಟ್ಟುಬಿಡುವುದಕ್ಕೂ ಸಂಬಂಧವಿಲ್ಲ. ತಪ್ಪು ಬೇಗ ಹೊರಬಂದರೆ ಅದನ್ನು ಸರಿಪಡಿಸುವ ಹೊಣೆ ಇನ್ನೂ ಗಟ್ಟಿಯಾಗುತ್ತದೆ.

ಎರಡು ಸಂಸ್ಥೆಗಳು, ಎರಡು ನಡೆ

2017ರ ಜನವರಿ 31ರ ತಡರಾತ್ರಿ, ಬೇರೆ ತಂಡಗಳ ಕೋಡ್ ಇಟ್ಟುಕೊಳ್ಳುವ ಸೇವೆ ನೀಡುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ತೆರೆದು ನೋಡಿದರೆ, ಇದ್ದ ಐದು ವ್ಯವಸ್ಥೆಗಳಲ್ಲಿ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಕಂಪನಿ ಆ ಎಂಜಿನಿಯರ್‌ ಹೆಸರನ್ನು ಬೀದಿಗೆ ತರಲಿಲ್ಲ. ದುರಸ್ತಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು, ಏನೇನು ಕೆಟ್ಟಿತ್ತು ಎಂಬುದನ್ನೆಲ್ಲ ಬರೆದು ಪ್ರಕಟಿಸಿತು. ಅವರು ಹುಡುಕಿದ್ದು ಯಾರು ಅಳಿಸಿದರು ಎಂಬುದನ್ನಲ್ಲ, ಬ್ಯಾಕಪ್ ಕೆಟ್ಟಿದೆ ಎಂದು ಅಷ್ಟು ದಿನ ಯಾರಿಗೂ ಏಕೆ ತಿಳಿಯಲಿಲ್ಲ ಎಂಬುದನ್ನು. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದದ್ದನ್ನು ಕಂಡ ನಮಗೆ ಇದು ಬೇಗ ಅರ್ಥವಾಗಬೇಕು. ಚೈನ್ ತುಂಡಾದದ್ದು ಒಂದು ರಾತ್ರಿ, ಸವೆದದ್ದು ವರ್ಷಗಟ್ಟಲೆ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣ. ಫುಜಿತ್ಸು ಕಂಪನಿಯ ಈ ಲೆಕ್ಕಪತ್ರದ ಸಾಫ್ಟ್‌ವೇರ್ ಅಂಚೆ ಕಚೇರಿಗಳಲ್ಲಿ ಇಲ್ಲದ ಕೊರತೆ ತೋರಿಸುತ್ತಿತ್ತು. ದೋಷಗಳಿರುವುದು ತಾಂತ್ರಿಕ ಸಿಬ್ಬಂದಿಗೆ ತಿಳಿದಿತ್ತು. ಆದರೂ ವ್ಯವಸ್ಥೆ ಗಟ್ಟಿಯಾಗಿದೆ ಎಂದೇ ನ್ಯಾಯಾಲಯಗಳಲ್ಲಿ ವಾದಿಸಲಾಯಿತು. 1999ರಿಂದ 2015ರ ನಡುವೆ ಈ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಉಪ ಅಂಚೆ ಪಾಲಕರು ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೆ ಒಳಗಾದರು. ಕೆಲವರು ಜೈಲಿಗೆ ಹೋದರು, ಮನೆಮಠ ಕಳೆದುಕೊಂಡರು. 2019ರಲ್ಲಿ ಹೈಕೋರ್ಟ್ ಸಾಫ್ಟ್‌ವೇರ್‌ನಲ್ಲೇ ದೋಷವಿದೆ ಎಂದಿತು, 2024ರಲ್ಲಿ ಸಂಸತ್ತು ಕಾಯ್ದೆ ಮಾಡಿ ಶಿಕ್ಷೆಗಳನ್ನು ರದ್ದು ಮಾಡಿತು. ಕೆಟ್ಟ ಸುದ್ದಿ ಮೇಲಕ್ಕೆ ಹೋಗದ ಸಂಸ್ಥೆಯಿಂದ ಹೊರಗಿನ, ಏನೂ ಅರಿಯದ ಜನರ ಬದುಕು ಹಾಳಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಟೀಮ್ ಲೀಡ್ ಹಾಗೇಕೆ ಮಾತಾಡುತ್ತಾರೆ

ಬುಧವಾರ ಆ ಹುಡುಗಿಯ ಬಾಯಿ ಮುಚ್ಚಿಸಿದವರು ಕೆಟ್ಟವರೇ ಆಗಿರಬೇಕಿಲ್ಲ. ಬಹಳ ಸಲ ಅವರು ತಂಡದ ಅತ್ಯುತ್ತಮ ಪ್ರೋಗ್ರಾಮರ್ ಆಗಿದ್ದವರು. ಚೆನ್ನಾಗಿ ಕೋಡ್ ಬರೆದದ್ದಕ್ಕೆ ಬಡ್ತಿ ಸಿಕ್ಕಿತು, ಜನರನ್ನು ನಡೆಸುವುದು ಹೇಗೆಂದು ಯಾರೂ ಕಲಿಸಲಿಲ್ಲ. ಮೇಲಿನಿಂದ ತಾರೀಖು ಬರುತ್ತದೆ, ಕೆಳಗಿನಿಂದ ಸಂಶಯ ಬರುತ್ತದೆ. ತಾರೀಖನ್ನು ಪ್ರಶ್ನಿಸಿದರೆ ಅಪ್ರೈಸಲ್‌ನಲ್ಲಿ ಪೆಟ್ಟು, ಸಂಶಯವನ್ನು ಒತ್ತಿಹಿಡಿದರೆ ಸದ್ಯಕ್ಕೇನೂ ಆಗುವುದಿಲ್ಲ. ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಹೇಳಬೇಕಿಲ್ಲ.

ಕಂಪನಿ ಏನನ್ನು ಅಳೆಯುತ್ತದೋ ಅದನ್ನೇ ಲೀಡ್ ಕಾಪಾಡುತ್ತಾರೆ. ನಮ್ಮ ದೊಡ್ಡ ಸೇವಾ ಕಂಪನಿಗಳ ಆದಾಯದ ಬಹುಪಾಲು ನಿಂತಿರುವುದು ಎಷ್ಟು ಜನ ಎಷ್ಟು ಗಂಟೆ ಕ್ಲೈಂಟ್‌ಗೆ ದುಡಿದರು ಎಂಬುದರ ಮೇಲೆ. 2025ರ ಜೂನ್‌ನಲ್ಲಿ ಟಿಸಿಎಸ್ ತಂದ ನಿಯಮದ ಪ್ರಕಾರ ನೌಕರರು ವರ್ಷಕ್ಕೆ 225 ದಿನ ಬಿಲ್ ಆಗುವ ಕೆಲಸದಲ್ಲಿರಬೇಕು, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿರುವುದು 35 ದಿನ ಮೀರಬಾರದು. ಹೊಸಬರಿಗೆ ಕಲಿಸುವುದು, ಬೇರೆಯವರ ಕೋಡನ್ನು ನಿಧಾನವಾಗಿ ಪರಿಶೀಲಿಸುವುದು, ಅಕೌಂಟೆಂಟ್‌ಗೆ ಫೋನ್ ಮಾಡುವುದು ಇಂಥ ಅಳತೆಯಲ್ಲಿ ಎಲ್ಲೂ ಕಾಣುವುದಿಲ್ಲ.

ಮಧ್ಯಮ ಹಂತದವರ ಕಡಿತದ ಸುದ್ದಿ ಅರ್ಥವಾಗುವುದೂ ಇಲ್ಲಿಯೇ. ತಮ್ಮ ಕೌಶಲಕ್ಕೆ ತಕ್ಕ ಜಾಗ ಸಿಗದವರನ್ನು ಕೈಬಿಡುತ್ತಿದ್ದೇವೆ, ಕೃತಕ ಬುದ್ಧಿಮತ್ತೆ ಇದಕ್ಕೆ ಕಾರಣವಲ್ಲ ಎಂದು ಟಿಸಿಎಸ್ ಮುಖ್ಯಸ್ಥ ಕೆ. ಕೃತಿವಾಸನ್ ಹೇಳಿದ್ದರು. ವರದಿ ತರಿಸಿಕೊಂಡು ವರದಿ ಕಳಿಸುವುದಷ್ಟೇ ಮಾಡುತ್ತಿದ್ದ ಹುದ್ದೆಗಳು ಹೋದರೆ ತಂಡಕ್ಕೆ ನಷ್ಟವೇನಿಲ್ಲ. ಆದರೆ ಹೊಸಬರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ, ಕ್ಲೈಂಟ್‌ಗೆ ‘ಈ ತಾರೀಖಿಗೆ ಆಗುವುದಿಲ್ಲ’ ಎಂದು ಹೇಳುವ ಧೈರ್ಯವಿದ್ದ ಹಿರಿಯರೂ ಅದೇ ಪಟ್ಟಿಯಲ್ಲಿ ಹೋಗಿಬಿಡಬಹುದು. ಉಳಿದವರು ಮುಂದಿನ ಸರದಿ ತಮ್ಮದೋ ಎಂದು ಇನ್ನಷ್ಟು ಮೌನವಾಗುತ್ತಾರೆ. ತಂಡದೊಳಗೇ ಇಷ್ಟು ಜನರನ್ನು ಕೆಳಗಿನ ಶ್ರೇಣಿಗೆ ಹಾಕಲೇಬೇಕು ಎಂಬ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಪಕ್ಕದವನಿಗೆ ಸಹಾಯ ಮಾಡಿದರೆ ತನ್ನ ಶ್ರೇಣಿ ಇಳಿಯುತ್ತದೆ ಎಂಬ ಲೆಕ್ಕ ಹುಟ್ಟಿದ ಮೇಲೆ ತಂಡ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ.

ನಮ್ಮ ಮೂರು ಜಿಲ್ಲೆಗಳಿಗೆ ತಟ್ಟುವುದು ಹೇಗೆ

ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ಕಾಲೇಜುಗಳು ದಶಕಗಳಿಂದ ಹುಡುಗ ಹುಡುಗಿಯರನ್ನು ಐಟಿಗೆ ಕಳಿಸುತ್ತಿವೆ. ಗಂಗಾವತಿಯಲ್ಲೂ ಸರ್ಕಾರಿ ಕಾಲೇಜಿದೆ, 2019ರಲ್ಲಿ ರಾಯಚೂರಿನ ಐಐಐಟಿ ಶುರುವಾಯಿತು. ಇಲ್ಲಿಂದ ಹೋಗುವವರಲ್ಲಿ ಹಲವರು ಮನೆಯಲ್ಲಿ ಮೊದಲ ಪದವೀಧರರು, ಶಾಲೆ ಕನ್ನಡ ಮಾಧ್ಯಮ. ಇಂಗ್ಲಿಷ್ ಕಾಲ್‌ನಲ್ಲಿ ಹತ್ತು ಜನರ ಎದುರು ‘ನನಗೆ ಅರ್ಥವಾಗಲಿಲ್ಲ’ ಎನ್ನುವುದು ಬೆಂಗಳೂರಿನ ಕಾನ್ವೆಂಟ್‌ನಲ್ಲಿ ಓದಿದವರಿಗಿಂತ ಇವರಿಗೆ ದುಬಾರಿ. ವಿಷಯ ಗೊತ್ತಿಲ್ಲ ಅಂದುಕೊಂಡಾರು, ಭಾಷೆ ಬರುವುದಿಲ್ಲ ಅಂದುಕೊಂಡಾರು ಎಂಬ ಎರಡು ಭಯ ಒಟ್ಟಿಗೆ ಕಾಡುತ್ತವೆ. ಅದಕ್ಕೆ ಸುಮ್ಮನಿದ್ದು, ರಾತ್ರಿ ಒಬ್ಬರೇ ಕೂತು ಬಗೆಹರಿಸಲು ನೋಡುತ್ತಾರೆ. ಅವರ ಗಂಟೆಗಳೇ ಮೊದಲು ಉದ್ದವಾಗುತ್ತವೆ. ಮೀಟಿಂಗ್ ಮುಗಿದ ಮೇಲೆ ಕನ್ನಡದಲ್ಲೇ ಎರಡು ಮಾತು ಕೇಳಿಸಿಕೊಳ್ಳುವ, ಪ್ರಶ್ನೆಯನ್ನು ಬರೆದು ಕಳಿಸಲು ಅವಕಾಶ ಕೊಡುವ ಲೀಡ್ ಸಿಕ್ಕರೆ ಅದೇ ಹುಡುಗ ಆರು ತಿಂಗಳಲ್ಲಿ ಬೇರೆಯೇ ಆಗುತ್ತಾನೆ.

ಸುಮ್ಮನಿರುವ ಅಭ್ಯಾಸ ಕಂಪನಿಯಲ್ಲಿ ಶುರುವಾಗುವುದಿಲ್ಲ. ಲ್ಯಾಬ್ ರೆಕಾರ್ಡ್ ಸೀನಿಯರ್‌ನದನ್ನು ನೋಡಿ ಬರೆದರೆ ಅಂಕ, ಪ್ರೋಗ್ರಾಂ ಓಡಲಿಲ್ಲ ಎಂದು ಒಪ್ಪಿಕೊಂಡರೆ ಬೈಗುಳ. ಹೀಗೆ ನಾಲ್ಕು ವರ್ಷ ಕಳೆದವರು ಕೆಲಸಕ್ಕೆ ಸೇರಿದ ದಿನವೇ ತಪ್ಪನ್ನು ತೆರೆದಿಡುತ್ತಾರೆ ಎಂದು ನಿರೀಕ್ಷಿಸುವುದು ಅನ್ಯಾಯ. ಓಡದ ಪ್ರೋಗ್ರಾಂ ಏಕೆ ಓಡಲಿಲ್ಲ ಎಂದು ಸರಿಯಾಗಿ ವಿವರಿಸಿದವರಿಗೂ ಅಂಕ ಕೊಡಲು ನಮ್ಮ ಕಾಲೇಜುಗಳಿಗೆ ಯಾರ ಅನುಮತಿಯೂ ಬೇಕಿಲ್ಲ.

ಮನೆಯಿಂದ ಕೆಲಸದ ಅವಕಾಶ ಕುಗ್ಗುತ್ತಿರುವುದು ಇನ್ನೊಂದು ಪೆಟ್ಟು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ, ಇನ್ಫೊಸಿಸ್ 2025ರ ಮಾರ್ಚ್‌ನಿಂದ ಹಲವು ಹಂತದ ನೌಕರರಿಗೆ ತಿಂಗಳಿಗೆ ಹತ್ತು ದಿನ ಕಚೇರಿಗೆ ಬರಲು ಹೇಳಿವೆ. ಎದುರಿಗಿದ್ದರೆ ಹೊಸಬರು ಬೇಗ ಕಲಿಯುತ್ತಾರೆ ಎಂಬ ಮಾತಿನಲ್ಲಿ ಸತ್ಯವಿದೆ, ಎದುರಿಗಿದ್ದವರ ಜೊತೆ ಲೀಡ್ ಮಾತಾಡಿದರೆ ಮಾತ್ರ. ಸಿಂಧನೂರಿನಲ್ಲಿ ಚಿಕ್ಕ ಮಗುವನ್ನು ಇಟ್ಟುಕೊಂಡು ಕೆಲಸ ಮುಂದುವರಿಸುತ್ತಿದ್ದ ತಾಯಿಗೆ ಬೆಂಗಳೂರಿನ ಕಚೇರಿ ಮತ್ತು ಹನ್ನೆರಡು ಗಂಟೆಯ ದಿನ ಎರಡೂ ಒಟ್ಟಿಗೆ ಬಂದರೆ, ಅವಳು ಕೆಲಸ ಬಿಡುವುದೇ ಹೆಚ್ಚು.

ಮುಂದೇನಾಗಬಹುದು

ಗಂಟೆಯ ಮಿತಿ ಏರಿದರೆ ಕ್ಲೈಂಟ್‌ಗಳಿಗೆ ಕೊಡುವ ತಾರೀಖುಗಳು ಕ್ರಮೇಣ ಆ ಹೊಸ ಮಿತಿಗೆ ತಕ್ಕಂತೆ ಬಿಗಿಯಾಗುತ್ತವೆ. ತುರ್ತಿಗೆಂದು ಹೆಚ್ಚಿಸಿದ ಎರಡು ಗಂಟೆ ಯೋಜನೆಯ ಒಳಗೇ ಸೇರಿಹೋಗುತ್ತದೆ. ತುರ್ತು ಮಾತ್ರ ನಿಲ್ಲುವುದಿಲ್ಲ, ಅದಕ್ಕೆ ಹದಿಮೂರನೆಯ ಗಂಟೆ ಬೇಕಾಗುತ್ತದೆ. ದಣಿದವರು ಬರೆದ ಕೋಡ್‌ನಲ್ಲಿ ತಪ್ಪು ಹೆಚ್ಚು, ಅದನ್ನು ತಿದ್ದುವ ರಾತ್ರಿಗಳೂ ಹೆಚ್ಚು.

ಮಿತಿ ಇದ್ದಂತೆಯೇ ಉಳಿದು ಟೈಮ್‌ಶೀಟ್ ಸುಳ್ಳಾಗಿಯೇ ಇದ್ದರೆ ಇಂದಿನ ಸ್ಥಿತಿ ಮುಂದುವರಿಯುತ್ತದೆ. ಹಾಗಾಗಿ ಸಂಘಗಳು ಗಂಟೆಯ ಮಿತಿಗೆ ಹೋರಾಡುವಷ್ಟೇ ಬಲವಾಗಿ, ದುಡಿದ ಪ್ರತಿ ಗಂಟೆಯೂ ದಾಖಲಾಗಬೇಕು ಎಂಬುದಕ್ಕೂ ಹೋರಾಡಬೇಕು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಬರೆಯದ ಗಂಟೆಗಳ ವಿಷಯ ಮೊದಲು ಎತ್ತಬೇಕಾದ ಜಾಗ ಅದು. ಬಳ್ಳಾರಿಯಂಥ ಊರುಗಳ ಹತ್ತು ಹನ್ನೆರಡು ಜನರ ಚಿಕ್ಕ ಸಾಫ್ಟ್‌ವೇರ್ ಅಂಗಡಿಗಳಿಗೆ ಆ ಸಮಿತಿಯೂ ಇರುವುದಿಲ್ಲ. ಅಲ್ಲಿ ಮಾಲೀಕರೇ ಲೀಡ್, ಅವರ ಮಾತೇ ಸಂಸ್ಕೃತಿ. ಅದೇ ಕಾರಣಕ್ಕೆ ಬದಲಾವಣೆ ಬೇಗ ಆಗಬಹುದಾದ ಜಾಗವೂ ಅದು. ಸ್ಟ್ಯಾಂಡ್-ಅಪ್‌ನಲ್ಲಿ ಮಾಲೀಕರು ಮೊದಲು ತಮ್ಮ ತಪ್ಪನ್ನೇ ಹೇಳಿದರೆ, ವಾರದೊಳಗೆ ಉಳಿದವರ ಬಾಯಿ ತೆರೆಯುತ್ತದೆ.

ಈ ವರ್ಷ ಕ್ಯಾಂಪಸ್ ಸಂದರ್ಶನಕ್ಕೆ ಕೂರುವವರು ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಎಂದಾಗ ಕೇಳಬೇಕಾದದ್ದು ಒಂದಿದೆ: ಈಚೆಗೆ ನಿಮ್ಮ ಸಾಫ್ಟ್‌ವೇರ್ ಕ್ಲೈಂಟ್ ಕೈಯಲ್ಲಿ ಕೆಟ್ಟು ನಿಂತಾಗ ತಂಡ ಏನು ಮಾಡಿತು? ಏನು ಕೆಟ್ಟಿತು, ಹೇಗೆ ಗೊತ್ತಾಯಿತು, ಆಮೇಲೆ ಯಾವ ಪದ್ಧತಿ ಬದಲಾಯಿಸಿದೆವು ಎಂದು ಹೇಳಿದರೆ ಅಲ್ಲಿ ಸೇರಬಹುದು. ಯಾರನ್ನು ತೆಗೆದುಹಾಕಿದೆವು ಎಂದು ಹೇಳಿದರೆ, ಅಥವಾ ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ ಎಂದರೆ, ಬೇರೆ ಆಫರ್ ಇದೆಯೇ ಎಂದು ನೋಡುವುದು ಒಳ್ಳೆಯದು.